ಒಂದೇ ನಂಬರಿನ ಎರಡು ಕಾಲು

ನೂರ ಮೂವತ್ತೇಳನೆಯ ಕಾಲು ಕಾಣೆಯಾಗಿತ್ತು.

ಬೆಳಗಿನ ಹನ್ನೊಂದು ಗಂಟೆ. ಕೃತಕ ಕಾಲು ಮಾಡಿಕೊಡುವ ಆ ಕೇಂದ್ರದ ಉದ್ದನೆಯ ಹಜಾರದಲ್ಲಿ ಬಿಸಿಲು ಕಿಟಕಿಯಿಂದ ಓರೆಯಾಗಿ ಇಳಿದು, ಗಾಳಿಯಲ್ಲಿ ತೇಲುತ್ತಿದ್ದ ಪ್ಲಾಸ್ಟರ್ ಧೂಳಿನ ಮೇಲೆ ತೂಕಡಿಸುತ್ತಿತ್ತು. ಎರಡು ಊರುಗೋಲುಗಳ ನಡುವೆ ತೂಗುತ್ತ ಬಂದ ಹೆಂಗಸೊಬ್ಬಳು ವಿತರಣೆಯ ಕಿಟಕಿಗೆ ಚೀಟಿ ಚಾಚಿದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹಜಾರದಲ್ಲಿ ಅವಳಿಗೆ ಇಸ್ತ್ರಿಯಮ್ಮ ಎಂದೇ ಹೆಸರು. ನಾಲ್ಕು ತಿಂಗಳ ಹಿಂದೆ ಅಳತೆ ಕೊಟ್ಟು ಹೋಗಿದ್ದಳು. ಚೀಟಿಯಲ್ಲಿ ನಂಬರು ಸ್ಪಷ್ಟವಾಗಿತ್ತು—137.

"ನೂರ ಮೂವತ್ತೇಳು ಕೊಟ್ಟಾಯ್ತಲ್ಲ," ಎಂದಿತು ಕಿಟಕಿಯೊಳಗಿನ ದನಿ.

"ಯಾರಿಗೆ?"

"ಮೊನ್ನೆ. ಲಿಫ್ಟ್ ಓಡಿಸ್ತಾನಲ್ಲ, ಆ ಲಿಫ್ಟಿನವನಿಗೆ."

"ಅವನಿಗೆ ಕೊಟ್ರೆ ನನಗೆ ಕೊಟ್ಟ ಹಾಗೆ ಹೇಗಾಗತ್ತೆ? ಅವನು ನಡೆದ್ರೆ ನಾನು ಮುಂದೆ ಹೋಗ್ತೀನಾ?"

ಕಿಟಕಿಯೊಳಗಿದ್ದವನು ಎರಡನೇ ಬೆಂಚಿನ ಅಳತೆಗಾರ. ಅಳತೆ ಇಲ್ಲದ ಹೊತ್ತಿನಲ್ಲಿ ವಿತರಣೆಯೂ ಅವನದೇ. ಮೇಲಿನವರು ಏನು ಹೇಳಿದರೂ 'ಹೌದ್ ಸರ್' ಎನ್ನುವ ಅಭ್ಯಾಸದಿಂದ ಅವನ ಹೆಸರೇ ಹೌದ್ಸರ್ ಎಂದಾಗಿ ಹೋಗಿತ್ತು. ಅವನು ಪರದೆಯ ಮೇಲೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಎಳೆದ. ನೂರ ಮೂವತ್ತೇಳರ ಮುಂದೆ ಲಿಫ್ಟಿನವನ ಹೆಸರಿತ್ತು. ಇಸ್ತ್ರಿಯಮ್ಮನ ಹೆಸರು ಎಲ್ಲಿಯೂ ಇರಲಿಲ್ಲ.

ಮೇಲ್ವಿಚಾರಕರು ಬಂದರು. ಹತ್ತು ನಿಮಿಷದಲ್ಲಿ ಕಳ್ಳರನ್ನು ಹಿಡಿದೂಬಿಟ್ಟರು.

"ನಿನ್ನ ಅಳತೆ ತಗೊಂಡವರು ಯಾರಮ್ಮ?"

"ಕುತ್ತಿಗೆಗೆ ಟೇಪು ಹಾಕ್ಕೊಂಡಿರ್ತಾಳಲ್ಲ, ಆ ಹುಡುಗಿ."

"ಲಿಫ್ಟಿನವನ ಮನೆ ಯಾವ ಬೀದಿ?" ಅವರು ಹೌದ್ಸರ್ ಕಡೆ ತಿರುಗಿದರು.

"ಅದೇ ಬೀದಿ ಸರ್. ಟೇಪಮ್ಮನ ಬೀದಿ."

"ಅಲ್ಲಿಗೆ ಮುಗೀತು," ಎಂದರು ಮೇಲ್ವಿಚಾರಕರು. ತನ್ನ ಬೀದಿಯವನಿಗೆ ನಂಬರು ಕೊಟ್ಟು, ಪಾಪದ ಹೆಂಗಸಿನ ಹೆಸರು ಅಳಿಸಿದ್ದಾಳೆ. ಗುತ್ತಿಗೆಯ ಹುಡುಗಿ, ಸಂಜೆ ಐದಕ್ಕೆ ಪತ್ರಕ್ಕೆ ಸಹಿ ಬೀಳುತ್ತದೆ, ನಾಳೆಯಿಂದ ಬರಬೇಕಾಗಿಲ್ಲ. ಇಸ್ತ್ರಿಯಮ್ಮನಿಗೆ ನಾಳೆ ಹೊಸ ಚೀಟಿ—ಮುನ್ನೂರ ನಲವತ್ತೊಂದು.

"ಅಂದ್ರೆ?"

"ಇನ್ನೊಂದು ನಾಲ್ಕು ತಿಂಗಳು."

ಇಸ್ತ್ರಿಯಮ್ಮ ಕೂಗಲಿಲ್ಲ. ಗೋಡೆಗೆ ಒರಗಿ ನಿಂತಳು. ಆ ಹಜಾರದಲ್ಲಿ ಕುರ್ಚಿಗಳಿದ್ದದ್ದು ಎರಡು ಕಾಲಿರುವವರಿಗೆ ಮಾತ್ರ. ಅವು ಮೇಜಿನ ಆ ಬದಿಗಿದ್ದವು.

"ನಂದು ನಿಂತು ಮಾಡೋ ಕೆಲಸ," ಎಂದಳು ನಿಧಾನವಾಗಿ. "ನನ್ನ ಜಾಗದಲ್ಲಿ ಈಗ ನನ್ನ ತಂಗಿ ನಿಂತಿದಾಳೆ. ಮುಂದಿನ ತಿಂಗಳವರೆಗೆ ಮಾತ್ರ ಅಂತ ಮಾಲೀಕ ಹೇಳಿದಾನೆ. ನಾಲ್ಕು ತಿಂಗಳು ಆ ಟೇಬಲ್ಲು ನನಗೆ ಕಾಯಲ್ಲ."

*

ಇದನ್ನೆಲ್ಲ ಅಚ್ಚಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಸುಣ್ಣದಜ್ಜ. ಅಳತೆಯಾದವರ ಕಾಲಿಗೆ ಒದ್ದೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು ಅವನ ಕೆಲಸ. ಮೂವತ್ತು ವರ್ಷದಿಂದ ಅದೇ ಕೆಲಸ. ಹುಬ್ಬು ಬೆಳ್ಳಗಾದದ್ದು ವಯಸ್ಸಿನಿಂದಲೋ ಪ್ಲಾಸ್ಟರಿನಿಂದಲೋ ಅವನಿಗೇ ಗೊತ್ತಿರಲಿಲ್ಲ. ಟೇಪಮ್ಮ ಅವನ ಅಕ್ಕನ ಮಗಳು. ಅವಳನ್ನು ಇಲ್ಲಿಗೆ ಕರೆತಂದು ಸೇರಿಸಿದವನೂ ಅವನೇ.

ಅವಳು ಮೊದಲನೇ ಬೆಂಚಿನ ಮೇಲೆ ಕೂತು ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಮಾವ, ನಾನು ಅಳಿಸಿಲ್ಲ."

"ನಾನು ಕೇಳಿದ್ನಾ?"

"ಕೇಳ್ದೆ ಇದ್ರೆ ಇನ್ನೂ ಬೇಜಾರು. ಕೇಳು."

"ಅಳಿಸಿದ್ಯಾ?"

"ಇಲ್ಲ."

"ಮುಗೀತು. ಆ ಪಟ್ಟಿ ಬರೆಯೋ ಪ್ರೋಗ್ರಾಂ ಮಾಡಿದವರು ಯಾರು?"

"ನಿದ್ದೆ ಟೀಚರ್."

ಸುಣ್ಣದಜ್ಜ ಕೈ ಒರೆಸಿಕೊಂಡು ಹೊರಟ. ಎರಡು ಬೀದಿಯಾಚೆ ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಹಳೆಯ ಕಂಪ್ಯೂಟರುಗಳ ಸಾಲಿನ ನಡುವೆ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನಿದ್ದೆ ಟೀಚರ್ ಕೂತಿದ್ದರು. ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುವುದರಿಂದ ಮಕ್ಕಳಿಟ್ಟ ಹೆಸರು. ನಿಜವಾಗಿ ನಿದ್ದೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅಜ್ಜ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಯೇ ಕೇಳಿ, ಕೊನೆಗೆ ಒಂದೇ ಮಾತು ಕೇಳಿದರು.

"ಇಬ್ಬರ ಹತ್ರಾನೂ ಚೀಟಿ ಇದೆಯಾ? ಅಚ್ಚಾದ ಚೀಟಿ? ಕೈಯಲ್ಲಿ ಬರೆದದ್ದಲ್ಲ ತಾನೇ?"

"ಅಚ್ಚಾದದ್ದೇ. ಲಿಫ್ಟಿನವನ ಚೀಟಿ ನಮ್ಮ ಕಡತದಲ್ಲೇ ಇದೆ. ಒಂದೇ ತಾರೀಖು, ಒಂದೇ ನಂಬರು."

"ಹಾಗಿದ್ರೆ ಯಾರೂ ಅಳಿಸಿಲ್ಲ ಅಜ್ಜ. ಅಳಿಸಿ ಕೊಡೋ ಕಳ್ಳರಾಗಿದ್ರೆ ಎರಡನೇ ಚೀಟಿ ಆಮೇಲಿನ ತಾರೀಖಿನದಾಗಿರೋದು. ಒಂದೇ ನಂಬರು ಎರಡು ಸಲ ಹುಟ್ಟಿದೆ. ಅಳಿಸೋದು ಬೇರೆ, ಎರಡು ಸಲ ಹುಟ್ಟೋದು ಬೇರೆ."

ಟೀಚರ್ ಎದ್ದರು. ಬಿಸಿಲಲ್ಲಿ ನಡೆಯುವಾಗಲೂ ಅವರು ಕನಸಿನಲ್ಲಿ ನಡೆಯುವವರ ಹಾಗೆ, ಮುಂದಿನ ಹೆಜ್ಜೆಯನ್ನು ನೆಲಕ್ಕೇ ಬಿಟ್ಟವರಂತೆ ನಡೆಯುತ್ತಿದ್ದರು.

*

"ಇದು ಆಡಳಿತದ ವಿಷಯ," ಎಂದರು ಮೇಲ್ವಿಚಾರಕರು. ಅವರ ಮೇಜಿನ ಮೇಲೆ ಪತ್ರ ಟೈಪಾಗಿ ಸಹಿಗೆ ಕಾದಿತ್ತು. "ಕಂಪ್ಯೂಟರ್ ವಿಷಯ ಅಲ್ಲ."

"ಐದರವರೆಗೆ ಹೊತ್ತಿದೆ ಅಲ್ವಾ ಸರ್. ನಾನು ಯಾರ ಕೆಲಸಕ್ಕೂ ಅಡ್ಡ ಬರಲ್ಲ."

"ಐದು ಅಂದ್ರೆ ಐದು."

ಟೀಚರ್ ಮೊದಲು ಹೋದದ್ದು ಟೇಪಮ್ಮನ ಬಳಿಗೆ.

"ಅವತ್ತು ಇಸ್ತ್ರಿಯಮ್ಮನ ಅಳತೆ ತಗೊಂಡೆ. ಆಮೇಲೆ?"

"ಉಳಿಸು ಒತ್ತಿದೆ. ಸ್ವಲ್ಪ ಹೊತ್ತು ಗಡಿಯಾರ ತಿರುಗ್ತು. 'ಉಳಿಸಲಾಗಿದೆ' ಅಂತ ಬಂತು, ಚೀಟಿ ಬಂತು. ಕೊಟ್ಟು ಕಳಿಸಿದೆ."

"ಸ್ವಲ್ಪ ಹೊತ್ತು ಅಂದ್ರೆ?"

"ಎರಡು ಸೆಕೆಂಡು, ಮೂರು. ಮೊದಲು ಹಾಗಿರಲಿಲ್ಲ, ಒತ್ತಿದ ಕೂಡಲೇ ಬರ್ತಿತ್ತು. ಈಗ ಗೋಡೆ ಮೇಲಿನ ಬೋರ್ಡಿಗೆ ಲೆಕ್ಕ ಹೋಗಿ ಬರಬೇಕಲ್ಲ, ಅದಕ್ಕೆ."

ಟೀಚರ್ ತಲೆ ಎತ್ತಿ ನೋಡಿದರು. ಹಜಾರದ ಗೋಡೆಯಲ್ಲಿ ಕೆಂಪು ಅಂಕಿಗಳ ದೊಡ್ಡ ಬೋರ್ಡು ಹೊಳೆಯುತ್ತಿತ್ತು: ಇದುವರೆಗೆ ಅಳತೆ ಪಡೆದವರು—340. ಅತಿಥಿಗಳು ಬಂದಾಗ ಮೇಲ್ವಿಚಾರಕರು ಅವರನ್ನು ಅದರ ಕೆಳಗೇ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು. ಕಾಲು ಪಡೆದವರ ಸಂಖ್ಯೆ ಹೇಳುವ ಬೋರ್ಡು ಆ ಕಟ್ಟಡದಲ್ಲಿ ಎಲ್ಲಿಯೂ ಇರಲಿಲ್ಲ.

"ಲಿಫ್ಟಿನವನ ಅಳತೆ ತಗೊಂಡದ್ದೂ ನೀನೇನಾ?"

"ಅವರದ್ದು ನಾನು ತಗೊಂಡೇ ಇಲ್ಲ. ನಮ್ಮ ಬೀದಿಯವರು, ತಗೊಂಡಿದ್ರೆ ನೆನಪಿರ್ತಿತ್ತು."

"ಇದನ್ನ ಸಾಹೇಬರು ಕೇಳಿದ್ರಾ?"

"ಅವರು ಬೀದಿ ಕೇಳಿದ್ರು ಅಷ್ಟೇ."

ಟೀಚರ್ ಎರಡನೇ ಬೆಂಚಿಗೆ ಬಂದರು. ಹೌದ್ಸರ್ ಎದ್ದು ನಿಂತ.

"ಲಿಫ್ಟಿನವರ ಅಳತೆ ನೀವು ತಗೊಂಡ್ರಾ?"

"ಹೌದು ಮೇಡಂ. ಅಂದ್ರೆ... ನೆನಪಿಲ್ಲ ಮೇಡಂ. ದಿನಕ್ಕೆ ಎಷ್ಟೊಂದು ಜನ."

"ನೆನಪಿಲ್ಲವೋ, ನೆನಪಿಸ್ಕೊಳ್ಳೋಕೆ ಹೆದರಿಕೆಯೋ?"

ಹೌದ್ಸರ್ ಮೇಲ್ವಿಚಾರಕರ ಕೋಣೆಯ ಕಡೆಗೊಮ್ಮೆ ಕಣ್ಣು ಹಾಯಿಸಿದ. ಆಮೇಲೆ ತನ್ನ ಚಪ್ಪಲಿಯನ್ನು ನೋಡಿಕೊಂಡ.

"ಎರಡೂ ಇರಬಹುದು ಮೇಡಂ."

"ಪರವಾಗಿಲ್ಲ. ನೆನಪಿಟ್ಟುಕೊಳ್ಳೋ ಇನ್ನೊಬ್ಬರಿದಾರೆ," ಎಂದು ಟೀಚರ್ ಸುಣ್ಣದಜ್ಜನ ಕಡೆ ತಿರುಗಿದರು. "ಅಜ್ಜ, ಅಚ್ಚಿನ ಮೇಲೆ ನೀವು ಏನು ಬರೀತೀರಿ?"

"ನಾನಾ? ಹೆಸರು ಬರೆಯೋಷ್ಟು ಅಕ್ಷರ ನನಗೆಲ್ಲಿ ಬರುತ್ತೆ. ಚೀಟಿ ನಂಬರು ಗೀಚ್ತೀನಿ ಮೊಳೆಯಲ್ಲಿ. ಅದರ ಕೆಳಗೆ ಒಂದು ಗೀಟು, ಇಲ್ಲ ಎರಡು."

"ಯಾಕೆ ಗೀಟು?"

"ಅಚ್ಚಿನ ಕೋಣೆಗೆ ಎರಡು ಬಾಗಿಲು. ಎಡಗಡೆ ಬಾಗಿಲಿಂದ ಬಂದ್ರೆ ಟೇಪಮ್ಮನ ಬೆಂಚಿನವರು, ಒಂದು ಗೀಟು. ಬಲಗಡೆಯಿಂದ ಬಂದ್ರೆ ಇವನ ಬೆಂಚಿನವರು, ಎರಡು ಗೀಟು. ಅಚ್ಚು ಒಡೆದ್ರೆ ಯಾವ ಬೆಂಚಿಗೆ ವಾಪಸ್ ಕಳಿಸಬೇಕು ಅಂತ ಗೊತ್ತಿರಲಿ ಅಂತ."

"ಹಳೇ ಅಚ್ಚು ಎಸೀತೀರಾ?"

"ವರ್ಷ ಇಡಬೇಕು ಅಂತ ಆರ್ಡರು. ಎಲ್ಲ ಇದೆ."

*

ಅಚ್ಚಿನ ಕೋಣೆಯ ಹಿಂದಿನ ಉಗ್ರಾಣಕ್ಕೆ ಒಂದೇ ಕಿಟಕಿ, ಅದಕ್ಕೂ ಮಸುಕು ಗಾಜು. ಒಳಗೆ ಬೆಳಕು ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ನೆಲದಿಂದ ಸೂರಿನವರೆಗೆ ಹಲಗೆಗಳು. ಹಲಗೆಗಳ ತುಂಬ ಬಿಳಿಯ ಕಾಲುಗಳು—ಮೊಣಕಾಲ ಕೆಳಗಿನವು, ಮೇಲಿನವು, ಗಿಡ್ಡವು, ನೀಳವಾದವು. ಯಾವುದೋ ದೊಡ್ಡ ಮೆರವಣಿಗೆಯೊಂದು ಇಲ್ಲಿಗೆ ಬಂದು, ಕಾಲುಗಳನ್ನು ಬಿಚ್ಚಿಟ್ಟು, ಒಳಗೆ ಮಲಗಲು ಹೋದಂತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಧೂಳು ಎದ್ದು, ಇಳಿಯುವುದನ್ನು ಮರೆತು ತೇಲುತ್ತಿತ್ತು.

ಸುಣ್ಣದಜ್ಜ ಏಣಿ ಹತ್ತಿದ. ಟೀಚರ್ ಕೆಳಗೆ ಪೆನ್ನು ಕಾಗದ ಹಿಡಿದು ಕೂತರು.

"ಒಂದೇ ನಂಬರು ಎರಡಿರೋದು ಹೇಳಿ ಅಜ್ಜ."

"ಅದು ಹೊಸದೇನಲ್ಲ ಟೀಚರ್. ಮೊದಲನೇ ಅಚ್ಚು ಬಿರುಕು ಬಿಟ್ರೆ ಅದೇ ಮನುಷ್ಯನ್ನ ಮತ್ತೆ ಕರೆಸಿ ಇನ್ನೊಂದು ತೆಗೀತೀನಿ. ಎರಡನ್ನೂ ಜೊತೆಗೆ ಇಡ್ತೀನಿ. ಇವೆಲ್ಲ ಅಂಥವೇ."

"ಇರಲಿ. ನಂಬರು ಹೇಳಿ, ಗೀಟೂ ಹೇಳಿ."

"ಹನ್ನೆರಡು. ಇದಕ್ಕೆ ಒಂದು ಗೀಟು, ಅದಕ್ಕೂ ಒಂದು ಗೀಟು."

"ಮುಂದೆ."

"ನಲವತ್ತು. ಎರಡು, ಎರಡು. ಎಪ್ಪತ್ತೊಂದು. ಒಂದು, ಒಂದು." ಅಜ್ಜ ಏಣಿಯನ್ನು ಸರಿಸಿಕೊಂಡ. "ತೊಂಬತ್ತೊಂಬತ್ತು. ಒಂದು..."

ಅವನು ನಿಂತ. ಇನ್ನೊಂದು ಅಚ್ಚನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಧೂಳು ಒರೆಸಿದ.

"ಒಂದು, ಎರಡು," ಎಂದ. ದನಿ ಕೆಳಗಿಳಿದಿತ್ತು.

"ಅಚ್ಚು ಒಡೆದವರು ಮತ್ತೆ ಬರುವಾಗ ಯಾವ ಬಾಗಿಲಿಂದ ಬರ್ತಾರೆ?"

"ಅದೇ ಬಾಗಿಲಿಂದ. ಅವರ ಬೆಂಚಿಗೇ ವಾಪಸ್ ಕಳಿಸೋದು." ಅಜ್ಜ ಏಣಿಯ ಮೇಲೆಯೇ ಕೂತುಬಿಟ್ಟ. "ಎಡಗಡೆಯಿಂದ ಬಂದವರು ಬಲಗಡೆಯಿಂದ ವಾಪಸ್ ಬರೋಕೆ ಆಗಲ್ಲ. ಇದು ಒಬ್ಬರದ್ದಲ್ಲ ಟೀಚರ್. ಇಬ್ಬರು."

ಆಮೇಲೆ ಅವನು ಓದಿದ ನಂಬರುಗಳೆಲ್ಲ ನಿದ್ದೆಯಲ್ಲಿ ಆಡಿದ ಮಾತಿನಂತೆ ಒಂದೊಂದಾಗಿ ಕೆಳಗೆ ಬಿದ್ದವು. ನೂರ ಹದಿನೈದು. ಒಂದು, ಎರಡು. ನೂರ ಮೂವತ್ತೇಳು. ಒಂದು, ಎರಡು. ನೂರ ಅರವತ್ತೆರಡು. ಒಂದು, ಎರಡು. ಮಧ್ಯೆ ನಾಲ್ಕು ಜೊತೆ ಮಾತ್ರ ನಿಜವಾಗಿ ಬಿರುಕು ಬಿಟ್ಟವು, ಒಂದೇ ಬಾಗಿಲಿನವು. ಕೊನೆಗೆ ಎಣಿಸಿದರೆ, ಬೇರೆ ಬೇರೆ ಬಾಗಿಲಿನ ಅವಳಿಗಳು ಹನ್ನೊಂದು.

"ಹನ್ನೊಂದು ಜನ," ಎಂದ ಸುಣ್ಣದಜ್ಜ. "ಗೀಟು ಹಾಕಿದ್ದು ನನ್ನದೇ ಕೈ. ನಂಬರು ನೋಡಿದೆ. ನನ್ನ ಗೀಟನ್ನ ನಾನೇ ಓದಲಿಲ್ಲ."

ಟೀಚರ್ ಕಾಗದವನ್ನೇ ನೋಡುತ್ತಿದ್ದರು.

"ಒಂದು ಸಲವೂ ಒಂದೇ ಬೆಂಚಿನ ಇಬ್ಬರು ಹೊಸಬರಿಗೆ ಒಂದೇ ನಂಬರು ಬಂದಿಲ್ಲ. ಯಾವಾಗಲೂ ಎಡಗಡೆಯವರು ಒಬ್ಬರು, ಬಲಗಡೆಯವರು ಒಬ್ಬರು. ಟೇಪಮ್ಮ ಕಳ್ಳಿಯಾಗಿದ್ರೆ ಎರಡಕ್ಕೂ ಒಂದೊಂದೇ ಗೀಟು ಇರಬೇಕಿತ್ತು." ಪೆನ್ನಿನ ತುದಿ ಕಾಗದದ ಮೇಲೆ ಮೇಲಕ್ಕೆ ಸರಿಯಿತು. "ತೊಂಬತ್ತೊಂಬತ್ತಕ್ಕೆ ಮುಂಚೆ ಇಂಥದ್ದು ಒಂದೂ ಇಲ್ಲ. ಅಜ್ಜ, ಆ ಬೋರ್ಡು ಗೋಡೆಗೆ ಹತ್ತಿದ ದಿನ ಅದು ಯಾವ ಅಂಕಿ ತೋರಿಸ್ತಿತ್ತು?"

"ಏಣಿ ಹಿಡಿದವನೇ ನಾನು. ತೊಂಬತ್ತೇಳು. ನೂರಾಗೋವರೆಗೆ ಕಾಯೋಣ ಸರ್ ಅಂದೆ, ಬೈಸ್ಕೊಂಡೆ."

*

ಪಟ್ಟಿ ಇದ್ದ ಯಂತ್ರ ಸಣ್ಣದು. ದಾಸ್ತಾನು ಕೋಣೆಯ ಮೂಲೆಯಲ್ಲಿ, ರಬ್ಬರ್ ಪಾದಗಳ ಪೆಟ್ಟಿಗೆಯ ಮೇಲೆ ಕೂತು ಗುನುಗುತ್ತಿತ್ತು. ಟೀಚರ್ ಪ್ರೋಗ್ರಾಂ ತೆರೆದರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು, ಎರಡು ಪುಟವೂ ಇರಲಿಲ್ಲ. ಸುಣ್ಣದಜ್ಜನಿಗೆ ಆ ಅಕ್ಷರಗಳು ಗೊತ್ತಿರಲಿಲ್ಲ. ಅವನು ಟೀಚರ ಮುಖವನ್ನು ನೋಡುತ್ತಿದ್ದ. ಅವರು ಸಾಲಿನಿಂದ ಸಾಲಿಗೆ ಇಳಿದರು. ಒಂದು ಕಡೆ ಬಂದು ನಿಂತರು. ಅವರ ರೆಪ್ಪೆಗಳು ನಿಧಾನವಾಗಿ, ಪೂರ್ತಿಯಾಗಿ ತೆರೆದುಕೊಂಡವು. ಟೀಚರ ಕಣ್ಣು ಕಂದು ಬಣ್ಣದ್ದೆಂದು ಅಜ್ಜನಿಗೆ ಆಗಲೇ ಗೊತ್ತಾದದ್ದು.

"ಸಿಕ್ಕಿದರಾ?" ಎಂದ.

"ಸಿಕ್ಕಿದರು."

"ಯಾರು?"

"ಐದಕ್ಕೆ ಇನ್ನೂ ಎಷ್ಟಿದೆ?"

"ಇಪ್ಪತ್ತು ನಿಮಿಷ."

"ಎಲ್ಲರನ್ನೂ ಹಜಾರಕ್ಕೆ ಕರೀರಿ. ಇಸ್ತ್ರಿಯಮ್ಮನಿಗೆ ಮೊದಲು ಒಂದು ಕುರ್ಚಿ ಹಾಕ್ಸಿ. ಸಾಹೇಬರ ಕುರ್ಚಿಯಾದ್ರೂ ಪರವಾಗಿಲ್ಲ."

*

ಮೇಲ್ವಿಚಾರಕರು ಪತ್ರವನ್ನೂ ಪೆನ್ನನ್ನೂ ಕೈಯಲ್ಲೇ ಹಿಡಿದು ಬಂದರು. ತಮ್ಮ ಕುರ್ಚಿಯಲ್ಲಿ ಇಸ್ತ್ರಿಯಮ್ಮ ಕೂತದ್ದನ್ನು ಕಂಡು ಮೇಜಿನ ಈ ಬದಿಯಲ್ಲೇ ನಿಂತರು.

"ನಿಜವಾದ ಪಟ್ಟಿ ಎತ್ತಿಟ್ಟಿದೀನಿ," ಎಂದರು ಟೀಚರ್. "ಈಗ ಅದರ ನಕಲಿನ ಮೇಲೆ ಒಂದು ಆಟ. ಟೇಪಮ್ಮ, ನಿನ್ನ ಬೆಂಚಲ್ಲಿ ಸಾಹೇಬರ ಹೆಸರು ಹಾಕು. ಬಲಗಾಲು, ಮೊಣಕಾಲ ಕೆಳಗೆ."

"ಏನ್ರೀ ಇದು?"

"ಆಟ ಸರ್. ಇವರೇ, ನಿಮ್ಮ ಬೆಂಚಲ್ಲಿ ನನ್ನ ಹೆಸರು ಹಾಕಿ. ಟೇಪಮ್ಮ ಒತ್ತಿದ ಕೂಡಲೇ, ಅವಳ ಗಡಿಯಾರ ಇನ್ನೂ ತಿರುಗ್ತಿರೋವಾಗಲೇ ನೀವು ಒತ್ತಬೇಕು."

ಟೇಪಮ್ಮ ಒತ್ತಿದಳು. ಹೌದ್ಸರ್ ಒತ್ತಿದ. ಗೋಡೆಯ ಬೋರ್ಡು ಒಮ್ಮೆ ರೆಪ್ಪೆ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು. ಎರಡು ಬೆಂಚಿನ ಮೇಲೂ 'ಉಳಿಸಲಾಗಿದೆ' ಎಂದು ಬಂತು. ಎರಡು ಚೀಟಿಗಳು ನಾಲಿಗೆಯ ಹಾಗೆ ಹೊರಬಂದವು.

ಸುಣ್ಣದಜ್ಜ ಅವನ್ನು ಹರಿದು ತಂದು ಅಕ್ಕಪಕ್ಕ ಇಟ್ಟ. 341. 341.

ಟೀಚರ್ ಪಟ್ಟಿ ತೆರೆದು ಕೊನೆಯ ಸಾಲು ತೋರಿಸಿದರು. ಅಲ್ಲಿ ಇದ್ದದ್ದು ಅವರದೊಂದೇ ಹೆಸರು.

"ಸರ್, ನೀವು ಇಲ್ಲ," ಎಂದರು. "ಚೀಟಿ ಇದೆ, ನೀವಿಲ್ಲ. ನಾಲ್ಕು ತಿಂಗಳು ಬಿಟ್ಟು ಬಂದು ಕೇಳಿದ್ರೆ ನಿಮ್ಮ ಕಾಲು ನನಗೆ ಕೊಟ್ಟಾಗಿರತ್ತೆ. ಈಗ ಹೇಳಿ, ನಿಮ್ಮನ್ನ ಅಳಿಸಿದವರು ಯಾರು? ಟೇಪಮ್ಮನಾ?"

ಇಸ್ತ್ರಿಯಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ನನಗೂ ತಿಳಿಯೋ ಹಾಗೆ ಹೇಳಿ ಟೀಚರ್. ಹೋದದ್ದು ನನ್ನ ಕಾಲು."

"ನಿಮಗೇ ಹೇಳ್ತೀನಿ." ಟೀಚರ್ ಬೆಂಚಿನ ಅಂಚಿಗೆ ಕೂತರು. "ಎರಡು ಬೆಂಚಿಗೂ ಪ್ರೋಗ್ರಾಂ ಒಂದೇ. ಆದ್ರೆ ಓಡುವಾಗ ಅವು ಎರಡು. ಒಂದೇ ಸಮವಸ್ತ್ರ ಹಾಕಿದ ಇಬ್ಬರು ಗುಮಾಸ್ತರು ಅಂತ ಇಟ್ಕೊಳ್ಳಿ. ಒಬ್ಬ ಏನು ಮಾಡ್ತಿದಾನೆ ಅಂತ ಇನ್ನೊಬ್ಬನಿಗೆ ಕಾಣಲ್ಲ. ಪಟ್ಟಿ ಒಂದು ಕೋಣೆಯಲ್ಲಿದೆ. ಗುಮಾಸ್ತ ಒಳಗೆ ಹೋಗಿ, ಇಡೀ ಪಟ್ಟಿ ಓದಿ, ಕೊನೆಗೆ ಒಂದು ಹೆಸರು ಸೇರಿಸಿ, ಇಡೀ ಪಟ್ಟೀನ ಹೊಸದಾಗಿ ಬರೆದಿಟ್ಟು ಬರ್ತಾನೆ. ಇಬ್ಬರೂ ಒಟ್ಟಿಗೆ ಹೋದ್ರೆ?"

"ಇಬ್ಬರೂ ಹಳೇ ಪಟ್ಟೀನೇ ಓದ್ತಾರೆ," ಎಂದಳು ಟೇಪಮ್ಮ. "ಇಬ್ಬರಿಗೂ ಮುಂದಿನ ನಂಬರು ಒಂದೇ ಬರತ್ತೆ."

"ಹೌದು. ಮೊದಲು ಬರೆದಿಟ್ಟವನ ಹಾಳೆ ಮೇಲೆ ಎರಡನೆಯವನು ತನ್ನ ಹಾಳೆ ಇಟ್ಟು ಹೋಗ್ತಾನೆ. ಮೊದಲನೆಯವನು ಸೇರಿಸಿದ ಹೆಸರು ಮಾಯ. ಹಾಗಾಗದಿರಲಿ ಅಂತ ನಾನು ಬೀಗ ಇಟ್ಟಿದ್ದೆ. ಒಳಗೆ ಹೋದವನು ಚಿಲಕ ಹಾಕ್ಕೋತಾನೆ. ಇನ್ನೊಬ್ಬ ಬಾಗಿಲಲ್ಲಿ ಕಾಯ್ತಾನೆ. ತೊಂಬತ್ತೇಳು ಜನರವರೆಗೆ ಆ ಬೀಗ ಸರಿಯಾಗೇ ಇತ್ತು."

"ಆಮೇಲೆ ಮುರಿದವರು ಯಾರು?" ಮೇಲ್ವಿಚಾರಕರ ದನಿಯಲ್ಲಿ ಹೊಸ ಆಸಕ್ತಿ ಬಂದಿತ್ತು. ಅವರ ಕಣ್ಣು ಹೌದ್ಸರ್ ಮೇಲೆ ಬಿತ್ತು.

"ಯಾರೂ ಮುರೀಲಿಲ್ಲ. ಅದೇ ಇದರ ವಿಚಿತ್ರ. ನಾನು ಇಟ್ಟ ಬೀಗದ ಜಾತಿಗೆ ಒಂದು ಹುಚ್ಚು ನಿಯಮ ಇದೆ. ಬಾಗಿಲು ಚಿಲಕ ಹಾಕಿ ಒಳಗಿರೋ ಮನುಷ್ಯ ಸುಮ್ನೆ ಕಿಟಕಿ ತೆಗೆದು ಒಮ್ಮೆ ನೋಡಿ, ಕಿಟಕಿ ಮುಚ್ಚಿದ ಅಂತ ಇಟ್ಕೊಳ್ಳಿ. ಯಂತ್ರ ಏನಂದುಕೊಳ್ಳತ್ತೆ ಗೊತ್ತಾ? ಇವನು ಈ ಕೋಣೆ ಮುಚ್ಚಿದ, ಇವನ ಕೆಲಸ ಮುಗೀತು ಅಂತ. ಬಾಗಿಲ ಚಿಲಕಾನೂ ತೆಗೆದುಬಿಡತ್ತೆ. ಒಳಗಿರೋನಿಗೆ ಗೊತ್ತೇ ಆಗಲ್ಲ. ಅವನು ಚಿಲಕ ಇದೆ ಅಂತಲೇ ನಂಬಿ ಆರಾಮವಾಗಿ ಬರೀತಿರ್ತಾನೆ."

"ಅಂಥ ಮನೇಲಿ ಬಚ್ಚಲಿಗೆ ಹೋಗೋದು ಹೇಗಪ್ಪ," ಎಂದಳು ಇಸ್ತ್ರಿಯಮ್ಮ.

ಟೇಪಮ್ಮ ಬೆಳಗಿನಿಂದ ಮೊದಲ ಸಲ ನಕ್ಕಳು.

"ಕಿಟಕಿ ಯಾವುದು?" ಎಂದ ಸುಣ್ಣದಜ್ಜ.

ಟೀಚರ್ ಗೋಡೆಯ ಕಡೆ ಬೆರಳು ಮಾಡಿದರು. "ಬೋರ್ಡು. ಹೆಸರು ಸೇರಿಸೋ ಮುಂಚೆ ಎಷ್ಟು ಜನ ಇದಾರೆ ಅಂತ ಎಣಿಸಿ, ಹೊಸಬರನ್ನೂ ಕೂಡಿಸಿ ಅದಕ್ಕೆ ಕಳಿಸಬೇಕು. ಅದಕ್ಕೆ ಮೂರು ಸಾಲು ಸೇರಿದೆ. ಪಟ್ಟಿಯ ಕಡತವನ್ನ ಇನ್ನೊಂದು ಸಲ ತೆರೆ. ಸಾಲು ಎಣಿಸು. ಮುಚ್ಚು. ಆ ಮುಚ್ಚು ಅನ್ನೋದರಲ್ಲಿ ಬಾಗಿಲ ಚಿಲಕ ಕಳಚಿತು. ಲೆಕ್ಕ ಬೋರ್ಡಿಗೆ ಹೋಗಿ ಬರೋಕೆ ಎರಡು ಮೂರು ಸೆಕೆಂಡು. ಅಷ್ಟು ಹೊತ್ತು ಬಾಗಿಲು ಹಾರು ಹೊಡೆದಿರತ್ತೆ. ಆ ಹೊತ್ತಲ್ಲಿ ಪಕ್ಕದ ಬೆಂಚಿನವರು ಒತ್ತಿದ್ರೆ, ಅವಳಿ. ಹನ್ನೊಂದು ಸಲ ಒತ್ತಿದಾರೆ. ಇಬ್ಬರದೂ ತಪ್ಪಿಲ್ಲ. ಇಬ್ಬರೂ ಅವರ ಕೆಲಸ ಮಾಡಿದಾರೆ ಅಷ್ಟೇ. ಮತ್ತೆ ತೆರೆಯೋ ಅಗತ್ಯವೇ ಇರಲಿಲ್ಲ. ಓದಿದ ಪಟ್ಟಿ ಕೈಯಲ್ಲೇ ಇತ್ತು, ಅದನ್ನೇ ಎಣಿಸಬಹುದಿತ್ತು."

"ಆ ಮೂರು ಸಾಲು ಬರೆದವರು?" ಎಂದರು ಮೇಲ್ವಿಚಾರಕರು.

"ನಾನು."

ಟೀಚರ್ ಮೇಲ್ವಿಚಾರಕರ ಕಡೆ ತಿರುಗಿದರು.

"ನೀವು ಫೋನ್ ಮಾಡಿದ್ರಿ. ನಾಳೆ ಅತಿಥಿಗಳು ಬರ್ತಾರೆ, ಬೋರ್ಡು ಓಡಬೇಕು, ಹತ್ತು ನಿಮಿಷದ ಕೆಲಸ ಅಂದ್ರಿ. ನಾನು ಹತ್ತು ನಿಮಿಷದಲ್ಲಿ ಮಾಡಿದೆ. ಹನ್ನೊಂದನೇ ನಿಮಿಷ ಕೂತು ಯೋಚನೆ ಮಾಡಲಿಲ್ಲ. ಇಬ್ಬರನ್ನ ಒಟ್ಟಿಗೆ ಒತ್ತಿಸಿ ನೋಡಲಿಲ್ಲ."

"ಅಂದ ಮೇಲೆ ತಪ್ಪು ನಿಮ್ಮದು." ಮೇಲ್ವಿಚಾರಕರ ಭುಜ ಹಗುರಾಯಿತು. "ಹಾಗಂತ ಬರೆದುಕೊಡಿ."

ಟೀಚರ್ ಅವರ ಕೈಯಿಂದ ಪತ್ರ ತೆಗೆದುಕೊಂಡರು. ಟೇಪಮ್ಮನನ್ನು ಕೆಲಸದಿಂದ ತೆಗೆಯುವ ಪತ್ರ. ಅದನ್ನು ಮಗುಚಿ, ಬೆನ್ನಿನ ಬಿಳಿ ಜಾಗದಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ತಾರೀಖು ಹಾಕಿ, ಓದಿ ಹೇಳಿದರು. ಆಮೇಲೆ ಅದನ್ನು ಮೇಲ್ವಿಚಾರಕರಿಗೆ ಕೊಡದೆ ಇಸ್ತ್ರಿಯಮ್ಮನ ಮಡಿಲಲ್ಲಿಟ್ಟರು.

"ಚಿಲಕ ಕಳಚಿದವಳು ನಾನು. ಒಪ್ಪಿದೆ. ಈಗ ಎರಡನೇ ಪ್ರಶ್ನೆ ಸರ್. ಹನ್ನೊಂದು ಅವಳಿಗಳು. ಬೋರ್ಡು ಬಂದ ಈ ಎಂಟು ತಿಂಗಳಲ್ಲಿ ಇವರಿಗಿಂತ ಮುಂಚೆ ಬೇರೆ ಯಾರಾದ್ರೂ ಹೀಗೆ ಚೀಟಿ ಹಿಡ್ಕೊಂಡು ಬಂದಿದ್ರಾ?"

"ಯಾರೂ ಬಂದಿಲ್ಲ. ಬಂದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ಏನಯ್ಯ, ಬಂದಿದ್ರಾ?"

ಹೌದ್ಸರ್ ಬಾಯಿ ತೆರೆದ. ಅಭ್ಯಾಸದ ಮಾತು ತುಟಿಯವರೆಗೆ ಬಂದು ನಿಂತಿತು. ಅವನು ಇಸ್ತ್ರಿಯಮ್ಮನನ್ನು ನೋಡಿದ. ಕುರ್ಚಿಯಂಚಿಗೆ ಮಡಿಸಿ ಪಿನ್ನು ಚುಚ್ಚಿದ ಅವಳ ಸೀರೆಯ ನೆರಿಗೆಯ ಕೆಳಗೆ ಏನೂ ಇಲ್ಲದ ಜಾಗವನ್ನು ನೋಡಿದ.

"ಬಂದಿದ್ರು ಸರ್," ಎಂದ. "ನಾಲ್ಕು ಜನ. ನಾಲ್ಕು ಸಲವೂ ನಿಮ್ಮ ಕೋಣೆಗೇ ಕರ್ಕೊಂಡು ಬಂದೆ. ಹೊಸ ಚೀಟಿ ಕೊಟ್ಟು ಸಾಲಿನ ಕೊನೆಗೆ ಕಳಿಸು, ಹೊರಗೆ ಬಾಯಿ ಬಿಡಬೇಡ, ಬೋರ್ಡಿನ ಲೆಕ್ಕಕ್ಕೆ ಕೆಟ್ಟ ಹೆಸರು ಬರತ್ತೆ ಅಂದ್ರಿ. ಅವರಿಂದ ತಗೊಂಡ ಹಳೇ ಚೀಟಿಗಳು ನಿಮ್ಮ ಮೇಜಿನ ಎಡಗಡೆ ಡ್ರಾಯರಲ್ಲಿವೆ."

ಯಾರೂ ಡ್ರಾಯರ್ ತೆರೆಯಲು ಹೋಗಲಿಲ್ಲ. ಮೇಲ್ವಿಚಾರಕರ ಮುಖ ನೋಡಿದರೆ ಸಾಕಿತ್ತು.

"ನನಗೆ ಗೊತ್ತಿರಲಿಲ್ಲ, ಅದು ನನ್ನ ಅಪರಾಧ," ಎಂದರು ಟೀಚರ್. ದನಿ ಏರಲಿಲ್ಲ. "ನಿಮಗೆ ಗೊತ್ತಿತ್ತು. ಮೊದಲನೆಯವರು ಬಂದ ದಿನ ನನಗೊಂದು ಫೋನ್ ಮಾಡಿದ್ರೆ ಇಸ್ತ್ರಿಯಮ್ಮ ಇವತ್ತು ನಡೆದು ಹೋಗ್ತಿದ್ರು. ನಾಲ್ಕು ಸಲ ಬಚ್ಚಿಟ್ರಿ. ಐದನೇ ಸಲ ಬಚ್ಚಿಡೋಕೆ ಜಾಗ ಸಾಲಲಿಲ್ಲ, ಅದಕ್ಕೆ ಈ ಹುಡುಗಿ ಬೇಕಾದ್ಲು. ಯಂತ್ರದ ಬೀಗ ಕಳಚಿತು, ಸರಿ. ಬಾಯಿಗೆ ಹಾಕಿದ ಬೀಗ ನಿಮ್ಮದು."

ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಐದು ಹೊಡೆದಿತ್ತು. ಸಹಿ ಹಾಕಲು ಅವರ ಕೈಯಲ್ಲಿ ಕಾಗದವೇ ಇರಲಿಲ್ಲ. ಮೇಲಿನವರಿಗೆ ತಿಳಿಸಬೇಕು, ತನಿಖೆಯಾಗಬೇಕು ಎಂದೇನೋ ಗೊಣಗುತ್ತ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ತನಿಖೆ ಮಾಡಲಿ," ಎಂದಳು ಇಸ್ತ್ರಿಯಮ್ಮ. "ಈ ಕಾಗದ ನನ್ನ ಹತ್ರ ಇರತ್ತೆ. ಮೇಲಿನವರ ಆಫೀಸಿಗೆ ನಾಳೆ ನಾನೇ ಹೋಗ್ತೀನಿ. ಕುಂಟಿ ಬಂದ್ಲು ಅಂದ್ರೆ ಯಾರಾದ್ರೂ ಬಾಗಿಲು ತೆಗೀತಾರೆ. ಮುಚ್ಚೋಕೆ ಹೊತ್ತು ಹಿಡಿಯತ್ತೆ."

*

ಸುಣ್ಣದಜ್ಜ ಉಗ್ರಾಣದಿಂದ ಅವಳ ಅಚ್ಚನ್ನು ಎತ್ತಿ ತಂದ. 137, ಒಂದು ಗೀಟು. ಅವಳು ಬಂದದ್ದಕ್ಕೆ ಇಡೀ ಕಟ್ಟಡದಲ್ಲಿದ್ದ ಒಂದೇ ಸಾಕ್ಷಿ ಅದು. ಅವಳ ಕಾಲಿಗೆ ಹಿಡಿದು ನೋಡಿದ. ಅಚ್ಚು ಸಡಿಲವಾಗಿತ್ತು, ಎರಡು ಬೆರಳು ಒಳಗೆ ಹೋಗುತ್ತಿತ್ತು.

"ಬತ್ತಿದೆ," ಎಂದ. "ಕಾದಷ್ಟೂ ಬತ್ತತ್ತೆ ತಾಯಿ. ಇದು ಈಗ ನಿಮಗೆ ಆಗಲ್ಲ."

"ನಾನು ನಾಲ್ಕು ತಿಂಗಳ ಹಿಂದಿನವಳಲ್ಲ ಅಂತ ನನಗೂ ಗೊತ್ತು ಅಜ್ಜ. ಅಳೀರಿ. ಆದ್ರೆ ಚೀಟಿ ನೂರ ಮೂವತ್ತೇಳೇ."

ಟೇಪಮ್ಮ ಕುತ್ತಿಗೆಯಿಂದ ಟೇಪು ಎಳೆದುಕೊಂಡು ನೆಲದ ಮೇಲೆ ಮೊಣಕಾಲೂರಿದಳು. ಅಚ್ಚು ಇವತ್ತೇ, ಕಾಲು ಎರಡು ವಾರದಲ್ಲಿ, ತಾನೇ ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ ಎಂದಳು. ಟೀಚರ್ ದಾಸ್ತಾನು ಕೋಣೆಯಲ್ಲಿ ಆ ಮೂರು ಸಾಲು ತೆಗೆದುಹಾಕಿ, ಇಬ್ಬರನ್ನೂ ಇಪ್ಪತ್ತು ಸಲ ಒಟ್ಟಿಗೆ ಒ‍ತ್ತಿಸಿ, ಇಪ್ಪತ್ತು ಜೊತೆ ಚೀಟಿಗಳನ್ನು ಒಂದೊಂದಾಗಿ ಓದಿದರು. ಒಂದರಂತೆ ಇನ್ನೊಂದು ಇರಲಿಲ್ಲ.

ಉಳಿದದ್ದು ಲೆಕ್ಕ. ಹನ್ನೊಂದರಲ್ಲಿ ಇಸ್ತ್ರಿಯಮ್ಮ ಸಿಕ್ಕಳು. ನಾಲ್ವರ ಹೆಸರು ಹೊಸ ಚೀಟಿಯ ಜೊತೆ ಪಟ್ಟಿಯ ಕೊನೆಯಲ್ಲಿತ್ತು. ಇನ್ನೂ ಆರು ಜನ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ಯಾವ ಡ್ರಾಯರಿನಲ್ಲೂ ಇರಲಿಲ್ಲ. ಎಲ್ಲೋ ಕೂತು, ಚೀಟಿಯನ್ನು ಜೋಪಾನ ಮಾಡಿ, ಸರದಿ ಬರುತ್ತದೆಂದು ಕಾಯುತ್ತಿದ್ದರು. ಈ ಕಟ್ಟಡದಲ್ಲಿ ಅವರದೆಂದು ಇದ್ದದ್ದು ಆರು ಬಿಳಿಯ ಅಚ್ಚು.

ಸುಣ್ಣದಜ್ಜ ಅವನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಸಂಜೆಯ ಬೆಳಕು ಅವುಗಳ ಒಳಗೆ ಇಳಿದು ನಿಂತಿತು. ಅವನು ಮೊದಲನೆಯದರೊಳಗೆ ಕೈ ಹಾಕಿ, ಕಣ್ಣು ಮುಚ್ಚಿದ. ಬೆರಳುಗಳು ಒಳಗಿನ ಉಬ್ಬು ತಗ್ಗುಗಳ ಮೇಲೆ ಮೆಲ್ಲಗೆ ನಡೆದವು.

"ಇದು ಗಂಡಸು," ಎಂದ. "ಕಚಗುಳಿ ಆಗತ್ತೆ ಅಂತ ನಗ್ತಾನೇ ಇದ್ದ. ಅಂಚೆ ಹಂಚ್ತಿದ್ದೆ ಅಂದ. ಯಾವ ಬಡಾವಣೆ... ನೀರಿನ ಟ್ಯಾಂಕಿನ ಪಕ್ಕ ಅಂದಿದ್ದ."

ಟೇಪಮ್ಮ ಬರೆದುಕೊಂಡಳು.

"ಇದು ಹೆಂಗಸು. ಮಾತೇ ಆಡಲಿಲ್ಲ. ಜೊತೆಗೆ ಬಂದ ಗಂಡ ಒಂದು ಗಡಿಯಾರ ರಿಪೇರಿ ಮಾಡ್ತಾ ಕೂತಿದ್ದ."

"ಅವರು ನನಗೆ ಗೊತ್ತು," ಎಂದಳು ಇಸ್ತ್ರಿಯಮ್ಮ. "ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ರು. ಬಸ್ ನಿಲ್ದಾಣದ ಎದುರು ಅವರ ಅಂಗಡಿ."

ಹೀಗೆ ಐದು ಅಚ್ಚು ಮುಗಿದವು. ಆರನೆಯದು ಬಹಳ ಚಿಕ್ಕದು. ಮಗುವಿನದು. ಅಜ್ಜನ ಕೈ ಅದರೊಳಗೆ ಪೂರ್ತಿ ಹೋಗಲಿಲ್ಲ, ಎರಡೇ ಬೆರಳು ಇಳಿದವು. ಅಚ್ಚನ್ನು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದ.

"ನೆನಪಾಗ್ತಿಲ್ಲ," ಎಂದ ಕೊನೆಗೆ.

ಹೌದ್ಸರ್ ಎದ್ದು ಹೋಗಿ ಆ ದಿನದ ಹಾಜರಿ ಪುಸ್ತಕ ತಂದ. ಟೀಚರ್ ಹತ್ತಿರ ಸರಿದು ಕೂತರು. ಇಸ್ತ್ರಿಯಮ್ಮ ಊರುಗೋಲನ್ನು ಪಕ್ಕಕ್ಕಿಟ್ಟಳು.

"ಹೊರಡೋಕೆ ಯಾರಿಗೂ ಅವಸರ ಇಲ್ಲ ಅಜ್ಜ," ಎಂದಳು. "ನಿಧಾನವಾಗಿ ನೆನಪು ಮಾಡ್ಕೊಳ್ಳಿ. ಆದ್ರೆ ಇವತ್ತೇ. ಆ ಮಗು ಬೆಳೀತಾ ಇರತ್ತೆ."